ಬಲದಿಂದ ಎಡಕ್ಕೆ ಓದಿದ ಸಹಸ್ರನಾಮ

ಮದುವೆಯಾಗಿ ಧಾರವಾಡದಿಂದ ಹೈದರಾಬಾದಿಗೆ ಬಂದ ಮರುದಿನ ಬೆಳಗ್ಗೆ ನಾನು ಹಿಮಾಯತ್‌ನಗರದ ಮನೆಯ ದೇವರ ಕೋಣೆಯ ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದೆ. ಮಾವನವರು ಮಡಿಯುಟ್ಟು, ಗೋಪಿಚಂದನ ಹಚ್ಚಿಕೊಂಡು, ಮಣೆಯ ಮೇಲೆ ಕೂತು ಸಹಸ್ರನಾಮ ಓದುತ್ತಿದ್ದರು. ಅದರಲ್ಲಿ ಬೆಪ್ಪಾಗುವಂಥದ್ದೇನೂ ಇರಲಿಲ್ಲ. ನನ್ನ ತವರಿನಲ್ಲೂ ದಿನಾ ಕೇಳಿಬರುತ್ತಿದ್ದದ್ದು ಅದೇ ಸ್ತೋತ್ರ, ಅದೇ ರಾಗ. ಆದರೆ ಅವರ ಮುಂದೆ ತೆರೆದಿದ್ದ ಪುಸ್ತಕ ಉರ್ದು ಅಕ್ಷರದಲ್ಲಿ ಅಚ್ಚಾಗಿತ್ತು. ಅವರ ಬೆರಳು ಬಲದಿಂದ ಎಡಕ್ಕೆ ಸರಿಯುತ್ತಿತ್ತು.

ಅತ್ತೆಯವರು ನನ್ನ ಮುಖ ನೋಡಿ ನಕ್ಕುಬಿಟ್ಟರು. "ಯಾಕವಾ, ಹಂಗ್ಯಾಕ ನಿಂತಿ? ಅವ್ರು ಕಲ್ತದ್ದು ಉರ್ದು ಸಾಲ್ಯಾಗ. ಕನ್ನಡ ಮಾತಾಡ್ತಾರ, ಓದೂದು ಅಷ್ಟಕ್ಕಷ್ಟ. ನಾನೂ ಹೊಸದಾಗಿ ಬಂದಾಗ ಹಿಂಗ ನಿಂತಿದ್ದೆ," ಎಂದರು.

ಕಲಬುರಗಿಯ ಕಡೆಯ ಹಳ್ಳಿಯೊಂದರಲ್ಲಿ, ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮಾವನವರ ಬಾಲ್ಯ ಕಳೆದಿತ್ತು. ಸರಕಾರಿ ಶಾಲೆಯಲ್ಲಿ ಗಣಿತ, ಭೂಗೋಳ ಎಲ್ಲವೂ ಉರ್ದುವಿನಲ್ಲೇ. ಮುಂದೆ ಇಂಗ್ಲಿಷ್ ಕಲಿತು, ನೀರಾವರಿ ಇಲಾಖೆಗೆ ಸೇರಿ, ಇದೇ ಊರಿನಲ್ಲಿ ನಿವೃತ್ತರಾದರು. ಕನ್ನಡ ಅಕ್ಷರ ಕಲಿಯಲು ಯಾರೂ ಹೇಳಲಿಲ್ಲ, ಅವರಿಗೂ ಪುರುಸೊತ್ತಾಗಲಿಲ್ಲ. ಅಂಥ ಮನೆಗಳಿಗೆಂದೇ ಆ ಕಾಲದಲ್ಲಿ ಹೈದರಾಬಾದಿನ ಮುದ್ರಣಾಲಯಗಳು ಸ್ತೋತ್ರಗಳನ್ನೂ ಪುರಾಣಗಳನ್ನೂ ಉರ್ದು ಲಿಪಿಯಲ್ಲಿ ಅಚ್ಚು ಹಾಕುತ್ತಿದ್ದವಂತೆ. ಸಂಸ್ಕೃತದ ಒತ್ತಕ್ಷರಗಳಿಗೆ ಆ ಲಿಪಿಯಲ್ಲಿ ಸರಿಯಾದ ಜಾಗವೇ ಇಲ್ಲ. ಅರ್ಧ ಕಣ್ಣಿನಿಂದ, ಇನ್ನರ್ಧ ಚಿಕ್ಕಂದಿನಲ್ಲಿ ತಂದೆಯಿಂದ ಕೇಳಿದ ನೆನಪಿನಿಂದ ಅವರು ಓದುತ್ತಿದ್ದರು. ಉಚ್ಚಾರ ಮಾತ್ರ ನನ್ನ ತವರಿನ ಯಾವ ಆಚಾರ್ಯರಿಗೂ ಕಡಿಮೆಯಿರಲಿಲ್ಲ.

ಕೆಲವೇ ದಿನಗಳಲ್ಲಿ ನನಗೂ ಅದು ರೂಢಿಯಾಯಿತು. ಅತ್ತೆಯವರು ಹೋದರು, ಕೆಲವು ವರ್ಷಗಳ ಹಿಂದೆ ನನ್ನ ಯಜಮಾನರೂ ಹೋದರು. ಈಗ ಮನೆಯಲ್ಲಿ ಮೂವರು. ತೊಂಬತ್ತರ ಹತ್ತಿರದ ಮಾವನವರು, ಶಾಲೆಯ ಕೆಲಸದಿಂದ ನಿವೃತ್ತಳಾದ ನಾನು, ಶಂಶಾಬಾದಿನಲ್ಲಿ ವಿಮಾನ ನಿಲ್ದಾಣದ ಪಕ್ಕದ ಕಂಪನಿಯೊಂದಕ್ಕೆ ದಿನಾ ಕಾರಿನಲ್ಲಿ ಹೋಗಿಬರುವ ನನ್ನ ಮಗ.

ಮಗನಿಗೆ ಕೆಲಸದ ಕಡೆ ಕನ್ನಡದ ಗೆಳೆಯರು ಸಿಕ್ಕಿದ್ದರು. ಬೆಂಗಳೂರು, ಮೈಸೂರು, ಉಡುಪಿ ಕಡೆಯಿಂದ ಬಂದು ಶಂಶಾಬಾದಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮನೆ ಮಾಡಿಕೊಂಡವರು. ಅವರೆಲ್ಲ ಸೇರಿ ಭಾನುವಾರಗಳಲ್ಲಿ ಒಂದು ಕೂಟ ನಡೆಸುತ್ತಿದ್ದರು. ಮಕ್ಕಳಿಗೆ ಶ್ಲೋಕ ಕಲಿಸುವುದು, ಒಂದು ಉಪನ್ಯಾಸ, ಆಮೇಲೆ ಎಲ್ಲರೂ ಸೇರಿ ಊಟ. ಕೂಟಕ್ಕೆ ಹಿರಿಯರಂತಿದ್ದವರು ಮೈಸೂರಿನ ಒಬ್ಬರು. ಐವತ್ತು ದಾಟಿದವರು, ದೊಡ್ಡ ಹುದ್ದೆಯಲ್ಲಿದ್ದವರು. ಮಗ ಅವರನ್ನು ಬಹಳ ಮೆಚ್ಚಿಕೊಂಡಿದ್ದ. ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅವರ ಮಾತೇ. ಹಿಂದೂ ಎಂದರೆ ಪೂಜೆಯ ರೀತಿಯಲ್ಲ, ರಾಷ್ಟ್ರದ ಗುಣ ಎಂದು ಅವರು ಹೇಳುತ್ತಾರೆ ಎನ್ನುತ್ತಿದ್ದ. ಮಾವನವರು ಅನ್ನ ಕಲೆಸುತ್ತ "ಹೌದೇನು?" ಎಂದು ಕೇಳಿ ಊಟ ಮುಂದುವರಿಸುತ್ತಿದ್ದರು.

ಒಂದು ಸಂಜೆ ಅವನು ಹುರುಪಿನಿಂದ ಬಂದ. ಬರುವ ಭಾನುವಾರದ ಉಪನ್ಯಾಸ 'ಹಿಂದೂ ಯಾರು?' ಎಂಬುದರ ಬಗ್ಗೆ. ಅದು ಮುಗಿದ ಮೇಲೆ ಹಿರಿಯರೊಬ್ಬರಿಂದ ಸಹಸ್ರನಾಮ ಓದಿಸಬೇಕೆಂದಿದ್ದಾರೆ, ತಾನು ಅಜ್ಜನ ಹೆಸರು ಹೇಳಿಬಂದೆ ಎಂದ. ಮಾವನವರ ಮುಖ ಅರಳಿತು. ಹೊರಗೆ ಯಾರೂ ಅವರನ್ನು ಏನನ್ನೂ ಓದಲು ಕರೆದು ಎಷ್ಟೋ ಕಾಲವಾಗಿತ್ತು.

"ಬರ್ತೀನಿ. ಪುಸ್ತಕ ತರ್ತೀನಿ. ಬಾಯಿಪಾಠ ಅಂದ್ರ ಈಗ ನಡುವ ಜಾರತದ," ಎಂದರು.

ಮಗನ ಮುಖ ಆಗ ಬದಲಾದದ್ದನ್ನು ನಾನು ನೋಡಿದೆ. ಹುಟ್ಟಿದಾಗಿನಿಂದ ನೋಡುತ್ತ ಬಂದದ್ದು ಅವನಿಗೆ ಅಲ್ಲಿಯವರೆಗೆ ವಿಚಿತ್ರವೆನಿಸಿರಲಿಲ್ಲ. ಈಗ ಆ ಸಭೆಯವರ ಕಣ್ಣಿನಿಂದ ನೋಡಿ ಗಾಬರಿಯಾಗಿದ್ದ.

ಮರುದಿನ ಅಬಿಡ್ಸಿನ ಪುಸ್ತಕದಂಗಡಿಗಳಿಗೆ ಹೋಗಿ ದಪ್ಪಕ್ಷರದ ಕನ್ನಡ ಸಹಸ್ರನಾಮವೊಂದನ್ನು ಹುಡುಕಿ ತಂದ. "ಅಜ್ಜಾ, ಇದನ್ನ ತಗೋರಿ. ಅಕ್ಷರ ದೊಡ್ಡವು ಅವ, ಕಣ್ಣಿಗೆ ತ್ರಾಸ ಆಗೂದಿಲ್ಲ," ಎಂದ.

ಮಾವನವರು ಕನ್ನಡಕ ಹಾಕಿಕೊಂಡು ತೆರೆದರು. ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು, ಒಂದನೆಯ ತರಗತಿಯ ಮಗುವಿನ ಹಾಗೆ ಕೂಡಿಸಿ ಓದಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಅವರ ಹಣೆಯಲ್ಲಿ ಬೆವರು. ಪುಸ್ತಕ ಮುಚ್ಚಿ ಮೆಲ್ಲಗೆ ಹೇಳಿದರು, "ಚಲೋ ಅದ ಮಗಾ. ಖರೇ ಹೇಳು, ನಿನಗ ನನ್ನ ಪುಸ್ತಕದ ನಾಚಿಕಿ ಏನು?"

"ಹಂಗಲ್ಲ ಅಜ್ಜಾ. ಅಲ್ಲಿ ಮಂದಿ ಏನಂತಾರೋ ಅಂತ..."

"ಹಂಗಾದ್ರ ನಾ ಬರೂದಿಲ್ಲ ಬಿಡು."

ಎರಡು ದಿನ ಮಗ ತಪ್ಪು ಮಾಡಿದವನಂತೆ ಓಡಾಡಿದ. ಮಾವನವರು ಬೆಳಗಿನ ಪೂಜೆಯಲ್ಲಿ ದನಿ ತಗ್ಗಿಸಿಬಿಟ್ಟರು. ನನಗೆ ಅದೇ ಸಂಕಟವಾಯಿತು. ನನಗಿದ್ದ ಹೆದರಿಕೆ ಮಗನದಕ್ಕಿಂತ ಹೆಚ್ಚಿನದು. ಈಗ ಎಲ್ಲರ ಕೈಯಲ್ಲೂ ಫೋನಿದೆ. ಯಾರಾದರೂ ವಿಡಿಯೋ ಮಾಡಿ ಎಲ್ಲೋ ಹಾಕಿ, ಒಂದು ಜನ್ಮವೆಲ್ಲ ದೇವರ ಹೆಸರು ಹೇಳಿದ ಮುದುಕರನ್ನು ಊರವರೆಲ್ಲ ಆಡಿಕೊಂಡರೆ? ಆದರೂ ಅವರ ದನಿ ಅವರ ಮನೆಯಲ್ಲೇ ತಗ್ಗಬಾರದು ಎನಿಸಿತು. ಶನಿವಾರ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ:

"ಮಾಮಾ, ನೀವು ಹೋಗ್ರಿ. ನಿಮ್ಮ ಪುಸ್ತಕಾನ ತಗೊಂಡು ಹೋಗ್ರಿ. ನಾನೂ ಬರ್ತೀನಿ. ಯಾರಾದ್ರೂ ಏನಾದ್ರೂ ಅಂದ್ರ ಎದ್ದು ಬರೋಣ."

ಮಗ ತಲೆಯಾಡಿಸಿದ. ಮಾವನವರು ನನ್ನನ್ನೇ ನೋಡಿ, "ಏಳೂದು ನನಗ ತಡಾ ಆಗತದವಾ, ಮೊಣಕಾಲು ನೋಡು," ಎಂದರು. ಮೂವರೂ ನಕ್ಕೆವು.

ಭಾನುವಾರ ಹೆದ್ದಾರಿಯಲ್ಲಿ ವಾಹನಗಳು ವಿಪರೀತವಾಗಿದ್ದವು. ನಾವು ತಲುಪುವ ಹೊತ್ತಿಗೆ ಸಭಾಂಗಣದಲ್ಲಿ ಜನ ಕೂತಿದ್ದರು. ಚಿಕ್ಕ ಮಕ್ಕಳು, ರೇಷ್ಮೆ ಸೀರೆಯ ಹೆಂಗಸರು, ಜುಬ್ಬಾ ತೊಟ್ಟ ಹುಡುಗರು. ಮೈಸೂರಿನವರು ತಾವೇ ಬಾಗಿಲಿಗೆ ಬಂದು ಮಾವನವರ ಕಾಲಿಗೆರಗಿ, ಕೈಹಿಡಿದು ವೇದಿಕೆಗೆ ಕರೆದೊಯ್ದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಕೆಟ್ಟ ಮನುಷ್ಯರಾಗಿದ್ದರೆ ನನಗೆ ಸುಲಭವಿತ್ತು. ಅವರು ಸಜ್ಜನರು, ಅದೇ ನನ್ನ ಕಷ್ಟ.

ಅವರ ಉಪನ್ಯಾಸವೂ ಚೆನ್ನಾಗಿತ್ತು. "ಹಿಂದೂ ಅಂದ್ರೆ ಯಾರು ಅಂತ ಕೇಳಿದ್ರೆ ನಮ್ಮಲ್ಲಿ ಹತ್ತು ಜನ ಹತ್ತು ಥರ ಹೇಳ್ತಾರೆ. ಒಬ್ಬ ದೇವಸ್ಥಾನಕ್ಕೆ ಹೋಗ್ತಾನೆ, ಇನ್ನೊಬ್ಬ ಹೋಗಲ್ಲ. ಇಬ್ಬರೂ ಹಿಂದೂಗಳೇ. ಹಾಗಾದ್ರೆ ಇಬ್ಬರನ್ನೂ ಕಟ್ಟಿಹಾಕಿರೋದು ಏನು? ಈ ನೆಲದ ಗುಣ. ನಮ್ಮ ಮಾತು, ನಮ್ಮ ಹಬ್ಬ, ನಮ್ಮ ಅಕ್ಷರ, ಇದೆಲ್ಲ ಸೇರಿ ಆಗಿರೋ ಗುಣ. ವ್ಯಕ್ತಿಗೆ ಸ್ವಭಾವ ಇರೋ ಹಾಗೆ ರಾಷ್ಟ್ರಕ್ಕೂ ಸ್ವಭಾವ ಇದೆ. ಅದನ್ನ ಬಿಟ್ಟುಕೊಟ್ರೆ ನಾವು ಬರೀ ಒಂದು ಜನಸಂಖ್ಯೆ," ಎಂದರು.

ಅರ್ಧ ಮಾತು ನನಗೆ ಒಪ್ಪಿಗೆಯೇ ಆಗಿತ್ತು. ಶಾಲೆಯಲ್ಲಿ ಮಕ್ಕಳಿಗೆ ಚರಿತ್ರೆ ಹೇಳುವಾಗ ನಾನೂ ಇಂಥದ್ದನ್ನೇ ಬೇರೆ ಮಾತಿನಲ್ಲಿ ಹೇಳಿದ್ದೆ. ಆದರೆ 'ನಮ್ಮ ಅಕ್ಷರ' ಎಂಬ ಮಾತು ಬಂದಾಗ ನಾನು ಮಾವನವರ ಮಡಿಲಲ್ಲಿದ್ದ ಚೀಲದತ್ತ ನೋಡಿದೆ. ಪಕ್ಕದಲ್ಲಿ ಮಗ ಕೈ ಬೆರಳುಗಳನ್ನು ಹೊಸೆಯುತ್ತ ಕೂತಿದ್ದ.

ಉಪನ್ಯಾಸ ಮುಗಿಯಿತು. ಮೈಸೂರಿನವರು ಮೈಕನ್ನು ಮಾವನವರ ಮುಂದೆ ಸರಿಸಿದರು. ಮಾವನವರು ಚೀಲದಿಂದ ಪುಸ್ತಕ ತೆಗೆದು ಕಣ್ಣಿಗೊತ್ತಿಕೊಂಡು ತೆರೆದರು. ನಾವು ಕೊನೆಯ ಪುಟ ಎನ್ನುವ ಕಡೆಯಿಂದ ತೆರೆದರು. ಮೈಸೂರಿನವರು ಬಗ್ಗಿ ನೋಡಿದರು. ಮತ್ತೊಮ್ಮೆ ನೋಡಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿಯ ಫೋನು ಮೇಲೆದ್ದಿತು.

"ಸಾರ್, ತಪ್ಪು ತಿಳ್ಕೋಬೇಡಿ," ಎಂದರು ಅವರು. ಮೈಕು ತೆರೆದೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು. "ಇದು ಉರ್ದು ಅಲ್ವಾ?"

"ಹೌದ್ರಿ."

"ಸಹಸ್ರನಾಮ ಉರ್ದೂಲಿ?"

"ಅಕ್ಷರ ಉರ್ದು. ಸಹಸ್ರನಾಮ ಸಹಸ್ರನಾಮನ ಅದ."

ಹಿಂದೆ ಯಾರೋ ಕಿಸಕ್ಕೆಂದರು. ಮೈಸೂರಿನವರು ನಗಲಿಲ್ಲ. "ನಿಮ್ಮ ಮೇಲಿನ ಗೌರವದಿಂದಲೇ ಕೇಳ್ತಿದ್ದೀನಿ. ಈಗಷ್ಟೇ ನಾನು ನಮ್ಮ ಅಕ್ಷರ ಅಂತ ಹೇಳಿದೆ. ಈ ಕಡೆ ಜನ ಆ ಆಳ್ವಿಕೇಲಿ ಎಷ್ಟು ನೊಂದಿದ್ದಾರೆ ಅಂತ ಓದಿದ್ದೀನಿ. ನಿಮಗೆ ಈ ಲಿಪಿ ನೋಡಿದ್ರೆ ಏನೂ ಅನ್ಸಲ್ವಾ?"

ನಾನು ಏಳಲು ಸಿದ್ಧಳಾಗಿ ಸೆರಗು ಸರಿಮಾಡಿಕೊಂಡೆ. ಮಾವನವರು ನನ್ನತ್ತ ನೋಡಿ ಕೈಸನ್ನೆಯಿಂದ ಕೂರು ಎಂದರು. ಆಮೇಲೆ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟು ಮಾತಿಗೆ ಶುರುಮಾಡಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಕೇಳಿರದ ಮಾತು ಅದು.

"ಅನಸ್ತಿತ್ರಿ. ನಾ ಸಣ್ಣಾಂವ ಇದ್ದಾಗ, ನಿಜಾಮನ ಕೊನೀ ವರ್ಷದಾಗ, ನಮ್ಮ ಕಡೆ ಗದ್ದಲ ಭಾಳ ಆತು. ಬಾಜೂ ಹಳ್ಳಿಗೆ ಬೆಂಕಿ ಬಿತ್ತು. ನಮ್ಮಪ್ಪ ನಮ್ಮನ್ನ ಬಂಡ್ಯಾಗ ಕೂಡಿಸಿ ಗಡಿ ದಾಟಿಸಿ ಸೊಲ್ಲಾಪುರದ ಕಡೆ ಒಯ್ದ. ಯಾಕ ಓಡಲಿಕ್ಕತ್ತೀವಿ ಅಂತ ಕೇಳಿದೆ. ನಾವು ಹಿಂದೂ ಅದೀವಿ, ಅದಕ್ಕ ಅಂದ. ಅದಕ್ಕಿಂತ ಮದಲ ನಮ್ಮ ಮನ್ಯಾಗ ಆ ಶಬ್ದ ನಾ ಕೇಳೇ ಇರಲಿಲ್ಲ. ನಾವು ಇಂಥಾ ಮಠದವರು, ಅವ್ರು ಲಿಂಗಾಯತರು, ಇವ್ರು ನೇಕಾರರು, ಅವ್ರು ಕುರುಬರು. ಇಷ್ಟ ಗೊತ್ತಿತ್ತು ನಮಗ."

ಮಾವನವರು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಮಧ್ಯಾಹ್ನ ಬಿಸಲಾಗ ಒಂದು ಊರು ಮುಟ್ಟಿದ್ವಿ. ನೇಕಾರರ ಓಣಿ. ಮಗ್ಗದ ಸಪ್ಪಳ ಇನ್ನೂ ನೆನಪದ. ಒಬ್ಬಾಕಿ ಹೆಣ್ಣುಮಗಳು ಬಾಗಲಕ್ಕ ಬಂದು 'ಉಂಡೀರೇನವಾ?' ಅಂದ್ಲು. ನೀವು ಯಾರು, ಯಾವ ಪೈಕಿ, ಒಂದೂ ಕೇಳಲಿಲ್ಲ. ನಮ್ಮವ್ವ ಭಾಳ ಮಡೀದಾಕಿ. ಬ್ಯಾರೇದವರ ಮನ್ಯಾಗ ನೀರು ಸುದ್ದಾ ಕುಡದಾಕಿ ಅಲ್ಲ. ಆಕಿ ಅವತ್ತು ಆ ಮನಿ ಕಟ್ಟಿ ಮ್ಯಾಲೆ ಕೂತು ರೊಟ್ಟಿ, ಜುಣಕ ಉಂಡ್ಲು. ಉಣಕೋತ ಅತ್ಲು. ಆ ಹೆಣ್ಣುಮಗಳು ಬೆನ್ನು ಸವರಿದ್ಲು. ಮುಟ್ಟಿಸಿಕೊಂಡ್ಲು ನಮ್ಮವ್ವ."

ಮೈಸೂರಿನವರು ನೀರಿನ ಲೋಟ ಮುಂದೆ ಸರಿಸಿದರು. ಮಾವನವರು ಒಂದು ಗುಟುಕು ಕುಡಿದು ಮುಂದುವರಿಸಿದರು.

"ನೀವು ಭಾಳ ಓದಿದವರು. ಹಿಂದೂ ಅಂದ್ರ ಯಾರು ಅಂತ ನಿಮಗ ಗೊತ್ತು. ನನಗ ಅನಸೂದು ಇಷ್ಟ. ಊರಾಗ ಇದ್ದಷ್ಟು ದಿನ ನಮ್ಮವ್ವ ಬರೇ ನಮ್ಮ ಮಠದಾಕಿ ಆಗಿದ್ಲು. ಆ ಕಟ್ಟಿ ಮ್ಯಾಲೆ ಕೂತ ಮ್ಯಾಲೆ ಹಿಂದೂ ಆದ್ಲು. ದೇಶದ ಗುಣಾ ಅಂದ್ರಿ. ನನ್ನ ಕಣ್ಣಿಗೆ ಆ ಬಾಗಲದಾಗ ನಿಂತಾಕಿ ಕಾಣತಾಳ."

"ಸರಿ ಸಾರ್. ಆದ್ರೆ ಈ ಲಿಪಿ?" ಮೈಸೂರಿನವರ ದನಿ ತಗ್ಗಿತ್ತು. ಪ್ರಶ್ನೆ ಬಿಟ್ಟಿರಲಿಲ್ಲ.

"ಗದ್ದಲ ಮುಗದು ಊರಿಗೆ ತಿರಗಿ ಬಂದ್ವಿ. ನಮ್ಮಪ್ಪ ಹೈದರಾಬಾದಿಗೆ ಹೋಗಿ ಈ ಪುಸ್ತಕ ತಂದ. ನಾ ಒಲ್ಲೆ ಅಂದೆ. ಈ ಅಕ್ಷರ ನೋಡಿದ್ರ ಸಿಟ್ಟು ಬರತದ ಅಂದು ಒಗದಬಿಟ್ಟೆ. ನಮ್ಮಪ್ಪ ಹೊಡೀಲಿಲ್ಲ. ಪುಸ್ತಕ ಎತ್ತಿಕೊಂಡು ಅಂದ, 'ಅಕ್ಷರ ಯಾರ ಮನಿಗೂ ಬೆಂಕಿ ಹಚ್ಚಲಿಲ್ಲೋ ಮಗಾ. ನಿನಗ ಬರೂದು ಇದೊಂದ. ಇದರಾಗ ಓದೂದಿಲ್ಲ ಅಂದ್ರ ದೇವರ ಹೆಸರು ಯಾತರಾಗ ಓದತಿ?' ಅವತ್ತಿನಿಂದ ಓದಲಿಕ್ಕತ್ತೀನಿ. ನನ್ನ ಕಣ್ಣು ಯಾ ಕಡೆಯಿಂದ ಯಾ ಕಡೆ ಹೋಗತದ ಅಂತ ದೇವರು ನೋಡೂದಿಲ್ರಿ. ಅಂವಾ ಕೇಳತಾನ."

ಚಪ್ಪಾಳೆ ಬೀಳಲಿಲ್ಲ. ಬಿದ್ದಿದ್ದರೆ ನನಗೆ ಕಸಿವಿಸಿಯಾಗುತ್ತಿತ್ತು. ಮೈಸೂರಿನವರು ನೀರಿನ ಲೋಟವನ್ನು ಪಕ್ಕಕ್ಕಿಟ್ಟು, "ನೀವು ಹೇಳಿದ್ದನ್ನೆಲ್ಲ ಒಪ್ಪಿದೆ ಅಂತಲ್ಲ ಸಾರ್. ನಾನು ಯೋಚನೆ ಮಾಡ್ಬೇಕು. ನೀವು ಓದಿ, ದಯವಿಟ್ಟು ಓದಿ," ಎಂದರು.

ಮಾವನವರು ಕನ್ನಡಕ ಹಾಕಿಕೊಂಡು ಶುರುಮಾಡಿದರು. ಮನೆಯಲ್ಲಿ ತಗ್ಗಿದ್ದ ಆ ದನಿ ಮೈಕಿನಲ್ಲಿ ಸಭಾಂಗಣ ತುಂಬಿತು. ತೊಂಬತ್ತರ ಹತ್ತಿರದ ಗಂಟಲು, ಅಲ್ಲಲ್ಲಿ ಒಡೆಯುತ್ತಿತ್ತು, ಆದರೂ ರಾಗ ತಪ್ಪಲಿಲ್ಲ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅರ್ಧ ದಾಟಿರಬೇಕು, ದನಿ ಫಕ್ಕನೆ ನಿಂತಿತು.

ಕಣ್ಣು ತೆರೆದರೆ ಮಾವನವರು ಪುಟ ಹಿಂದೆ ಮುಂದೆ ಮಾಡುತ್ತಿದ್ದರು. ಬೆಳಗಿನ ಪೂಜೆಯಲ್ಲಿ ಗಂಧ ಬಿದ್ದಿತ್ತೋ ಏನೋ, ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಲು ನೋಡಿದರು, ಬರಲಿಲ್ಲ. ಬಾಯಿಪಾಠದಿಂದ ಮುಂದುವರಿಸಲು ನೋಡಿದರು, ಒಂದು ಹೆಸರು ಎರಡು ಸಲ ಹೇಳಿ ನಿಂತರು. ಮಗ ಅರ್ಧ ಎದ್ದ. ಎದ್ದು ಮಾಡುವುದೇನು? ಆ ಸಭೆಯಲ್ಲಿ ಆ ಪುಟವನ್ನು ಓದಿ ಹೇಳಬಲ್ಲವರು ಬೇರೆ ಒಬ್ಬರೂ ಇರಲಿಲ್ಲ. ಫೋನುಗಳು ಎದ್ದೇ ಇದ್ದವು. ನನಗೂ ಆ ಗಾಬರಿಯಲ್ಲಿ ಮುಂದಿನ ಸಾಲು ನೆನಪಾಗಲಿಲ್ಲ.

ಆಗ ವೇದಿಕೆಯ ಮೇಲಿಂದಲೇ ಇನ್ನೊಂದು ದನಿ ಬಂತು. ಮೈಸೂರಿನವರು, ಪುಸ್ತಕದ ಕಡೆ ನೋಡದೆ, ಎದುರು ಗೋಡೆ ನೋಡುತ್ತ ಮುಂದಿನ ಸಾಲನ್ನು ಹೇಳಿದ್ದರು. ಹೇಳಬೇಕೆಂದು ಹೇಳಿದಂತಿರಲಿಲ್ಲ, ಬಾಯಿ ತಾನೇ ಹೇಳಿಬಿಟ್ಟಂತಿತ್ತು. ಮಾವನವರು ತಿರುಗಿ ನೋಡಿ ತಲೆದೂಗಿ ಆ ಸಾಲನ್ನು ಹಿಡಿದರು. ಅದರ ಮುಂದಿನದಕ್ಕೆ ರೇಷ್ಮೆ ಸೀರೆಯ ಹೆಂಗಸರು ಸೇರಿದರು. ಉಡುಪಿಯ ಕಡೆಯ ಹುಡುಗರು ಸೇರಿದರು, ಪ್ರತಿ ಭಾನುವಾರ ಕಲಿತಿದ್ದ ಮಕ್ಕಳು ಎಲ್ಲರಿಗಿಂತ ಜೋರಾಗಿ ಸೇರಿದರು. ಮೈಸೂರಿನ ಉಚ್ಚಾರ, ಕರಾವಳಿಯ ಉಚ್ಚಾರ, ನಮ್ಮ ಕಡೆಯದು ಎಲ್ಲ ಕಲಸಿಕೊಂಡು ಸ್ವಲ್ಪ ಅಡ್ಡಾದಿಡ್ಡಿಯಾಗಿ ಹೋಯಿತು. ಮಾವನವರು ಪುಟ ಬಿಡಿಸುವ ಗೊಡವೆ ಬಿಟ್ಟು ಪುಸ್ತಕದ ಮೇಲೆ ಅಂಗೈಯಿಟ್ಟುಕೊಂಡು ಎಲ್ಲರೊಡನೆ ಹೇಳುತ್ತ ಹೋದರು.

ಮುಗಿದಾಗ ಪಕ್ಕದಲ್ಲಿ ಮಗ ಕಣ್ಣೊರೆಸಿಕೊಂಡು, ನಾನು ನೋಡಿದ್ದು ಕಂಡು, "ಎ.ಸಿ. ಭಾಳ ಜೋರದ ಅಮ್ಮಾ," ಎಂದ.

ಊಟದ ಹೊತ್ತಿಗೆ ಮಾವನವರ ಸುತ್ತ ಮಕ್ಕಳ ಗುಂಪು ಸೇರಿತ್ತು. ತಮ್ಮ ತಮ್ಮ ಹೆಸರನ್ನು ಉರ್ದುವಿನಲ್ಲಿ ಬರೆದುಕೊಡಿ ಎಂದು ಅಂಗೈ ಒಡ್ಡುತ್ತಿದ್ದವು. ಮೈಸೂರಿನವರು ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ನಿಂತರು.

"ನಿಮಗೆ ಬೇಜಾರಾಯ್ತೇನಮ್ಮಾ? ನಾನು ಮೈಕಲ್ಲಿ ಕೇಳಬಾರದಿತ್ತು."

"ಹೆದರಿಕಿ ಆಗಿತ್ರಿ. ಈಗ ಇಲ್ಲ," ಎಂದೆ. ನಿಜವನ್ನೇ ಹೇಳಿದೆ.

"ನಮ್ಮ ತಾತ ಹೇಳ್ಕೊಟ್ಟಿದ್ದು ಅದು. ಅವರಿಗೆ ಕಣ್ಣು ಕಾಣ್ತಿರಲಿಲ್ಲ. ಪುಸ್ತಕವೇ ಇಲ್ದೆ ಹೇಳ್ಕೊಟ್ರು," ಎಂದು ಅವರು ತಟ್ಟೆಯಲ್ಲಿದ್ದ ಕೋಸಂಬರಿಯನ್ನು ನೋಡುತ್ತ ಹೇಳಿ, ಬಡಿಸುವವರ ಕಡೆ ಹೋದರು.

ಮರಳುವಾಗ ಮಾವನವರು ಮುಂದಿನ ಸೀಟಿನಲ್ಲಿ ಕೂತರು. ಮಗ ಅವರನ್ನು ಬಿಡದೆ ಕೇಳುತ್ತಲೇ ಇದ್ದ. ಆ ಊರಿನ ಹೆಸರೇನು, ಎಷ್ಟು ಕಾಲ ಅಲ್ಲಿದ್ದಿರಿ, ಆ ಹೆಂಗಸು ಮುಂದೆ ಎಂದಾದರೂ ಸಿಕ್ಕಳೇ? ಊರಿನ ಹೆಸರು ಅವರಿಗೆ ನೆನಪಿರಲಿಲ್ಲ. ಮಳೆಗಾಲ ಮುಗಿಯುವವರೆಗೆ ಇದ್ದೆವು ಎಂದರು. ದೊಡ್ಡವರಾದ ಮೇಲೆ ಒಮ್ಮೆ ಹುಡುಕಿಕೊಂಡು ಹೋಗಿದ್ದರಂತೆ, ಓಣಿಯೇ ಇರಲಿಲ್ಲವಂತೆ. "ಅಜ್ಜಾ, ನಮಗ ಒಂದ ದಿನಾನೂ ಯಾಕ ಹೇಳಲಿಲ್ಲ ಇದನ್ನ?" ಎಂದು ಕೇಳಿದ.

"ನೀವು ಯಾರೂ ಕೇಳಲಿಲ್ಲಲ್ಲೋ," ಎಂದರು. ಆಮೇಲೆ ತುಸು ತಡೆದು, "ನಾ ಇಂಜಿನಿಯರ್ ಮನಷ್ಯಾ. ಕೇಳಲಾರದ್ದಕ್ಕ ನೀರು ಬಿಡೂದಿಲ್ಲ," ಎಂದು ತಾವೇ ನಕ್ಕರು. ಮಗನೂ ನಕ್ಕ. ನಾನು ಹಿಂದಿನ ಸೀಟಿನಲ್ಲಿ ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡೆ. ಮೈಯೆಲ್ಲ ಹಗುರಾಗಿತ್ತು.

ನಾನು ಹೆದರಿದ್ದ ವಿಡಿಯೋ ಮರುದಿನ ಬಂದೇ ಬಂತು. ಧಾರವಾಡದ ನನ್ನ ತಂಗಿ ಕಳಿಸಿದ್ದಳು. ಎಲ್ಲಿಂದ ಎಲ್ಲಿಗೋ ಸುತ್ತಿ ಅವಳನ್ನು ಮುಟ್ಟಿತ್ತು. ಒಬ್ಬಳೇ ಕೂತು ತೆರೆದೆ. ಪ್ರಶ್ನೆ, ಉತ್ತರ ಯಾವುದೂ ಅದರಲ್ಲಿರಲಿಲ್ಲ. ಎಲ್ಲರೂ ಸೇರಿ ಹೇಳುತ್ತಿದ್ದ ಭಾಗವಷ್ಟೇ ಇತ್ತು. 'ನಿಮ್ಮ ಮಾವನೋರ ದನಿ ಏನ್ ಚಂದ ಅದವಾ' ಎಂದು ಅವಳು ಕೆಳಗೆ ಬರೆದಿದ್ದಳು. ಮಾವನವರಿಗೆ ತೋರಿಸಿದೆ. ಅವರು ಪೂರ್ತಿ ನೋಡಿ, ತಾವು ಒಂದು ಕಡೆ ದೀರ್ಘ ತಪ್ಪಿದ್ದನ್ನು ಹಿಡಿದು ನಾಲಿಗೆ ಕಚ್ಚಿಕೊಂಡರು.

ಮೈಸೂರಿನವರು ಆಮೇಲೆ ಮನೆಗೆ ಬರತೊಡಗಿದರು. ಊರೊಳಗೆ ಕೆಲಸವಿದ್ದಾಗಲೆಲ್ಲ ಹಿಮಾಯತ್‌ನಗರಕ್ಕೆ ಬಂದು ಚಹಾ ಕುಡಿದು ಹೋಗುತ್ತಾರೆ. ಇಬ್ಬರಿಗೂ ವಾದ ಮುಗಿದಿಲ್ಲ. ರಾಷ್ಟ್ರಕ್ಕೆ ಗಟ್ಟಿಯಾದ ಒಂದು ರೂಪ ಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ. ರೂಪ ಗಟ್ಟಿಯಾದಷ್ಟೂ ಬಾಗಿಲು ಚಿಕ್ಕದಾಗುತ್ತದೆ ಎಂದು ಮಾವನವರು ಈಗಲೂ ಹೇಳುತ್ತಾರೆ. ಹಿಂದೂ ಯಾರು ಎಂಬುದಕ್ಕೆ ನಮ್ಮ ಮನೆಯ ಪಡಸಾಲೆಯಲ್ಲಿ ಇನ್ನೂ ಒಂದು ಉತ್ತರ ನಿಂತಿಲ್ಲ. ಹೋದ ವಾರ ಬಂದಾಗ ಅವರು ಒಂದು ಪ್ರಶ್ನೆ ಎತ್ತಿದರು, ಮಾವನವರು ದನಿಯೇರಿಸಿ ಉತ್ತರ ಕೊಟ್ಟರು. ಮಗ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡ. ನಾನು ಅಡುಗೆಮನೆಯಲ್ಲಿ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟು, ಅವರ ಗದ್ದಲವನ್ನು ಯಾವ ಹೆದರಿಕೆಯೂ ಇಲ್ಲದೆ ಕೇಳುತ್ತ ನಿಂತೆ.